ರಕ್ತ ಕೊಡುವುದು ಮಗುವಿಗೆ, ರಿಪೋರ್ಟಿಗಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ರಾತ್ರಿ ಕಳೆದವರೇ. ಪೀಠಿಕೆ ಬೇಡ, ನೇರ ಒಂದು ರಾತ್ರಿಗೆ ಹೋಗೋಣ.

ನಾನಾಗ ಹೊಸಬ. 27 ವಾರಕ್ಕೇ ಹುಟ್ಟಿದ ಮಗು, 800 ಗ್ರಾಂ ತೂಕ, ಎರಡನೇ ದಿನ. ರಾತ್ರಿ ಎರಡು ಗಂಟೆಗೆ ರಿಪೋರ್ಟ್ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಕಣ ಪ್ಲೇಟ್‌ಲೆಟ್ ಬರೀ 42 ಸಾವಿರ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ ಜಾಸ್ತಿ, ಎಪಿಟಿಟಿ ಜಾಸ್ತಿ, ಎಲ್ಲದರ ಮುಂದೆಯೂ ಕೆಂಪು ಗುರುತು. ಮಗುವನ್ನು ನೋಡಿದರೆ ಎಲ್ಲೂ ರಕ್ತ ಸೋರುತ್ತಿಲ್ಲ, ಹಿಮ್ಮಡಿಗೆ ಚುಚ್ಚಿದ ಜಾಗ ಕೂಡ ಒಣಗಿದೆ. ಆದರೂ ಪ್ಲೇಟ್‌ಲೆಟ್, ಪ್ಲಾಸ್ಮಾ (ರಕ್ತದ ದ್ರವ ಭಾಗ) ಎರಡನ್ನೂ ಕೊಡಲು ಬರೆದೆ. ಸುಮ್ನೆ ಬಿಟ್ಟು, ಬೆಳಗ್ಗೆ ಮೆದುಳಲ್ಲಿ ರಕ್ತ ಕಂಡರೆ? ಆ ಭಯ ನಿಮಗೂ ಗೊತ್ತು ಅಲ್ವಾ.

ಬೆಳಗ್ಗೆ ಹಿರಿಯ ಡಾಕ್ಟರ್ ಬಂದರು. ಬೈಯಲಿಲ್ಲ. ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಮಗುವಿನ ನೆತ್ತಿಗೆ ಹಚ್ಚಿದರು, ಸ್ಕ್ಯಾನ್ ಮಾಡುವ ಪ್ರೋಬ್ ಇಟ್ಟರು. ಆ ಮೆತ್ತನೆಯ ನೆತ್ತಿ ಪ್ರತಿ ಬಡಿತಕ್ಕೂ ಮಿಡಿಯುತ್ತಿತ್ತು. ಪರದೆಯ ಮೇಲೆ ಎಡಗಡೆ ಒಂದು ಸಣ್ಣ ಬಿಳಿ ಚುಕ್ಕೆ, ರಕ್ತಸ್ರಾವದ ಗುರುತು. ಮೊದಲೇ ಆಗಿತ್ತೋ, ನಾನು ಕೊಟ್ಟ ಮೇಲೆ ಆಯಿತೋ, ಯಾರೂ ಹೇಳಲಾರರು. ಆಮೇಲೆ ರಿಪೋರ್ಟ್ ಕೈಗೆತ್ತಿಕೊಂಡು ಒಂದೇ ಮಾತು ಕೇಳಿದರು: "ಈ ಕೆಂಪು ಗುರುತು ಯಾರ ಅಳತೆಗೆ ಹಾಕಿದ್ದು?"

ನೋಡಿದರೆ, ದೊಡ್ಡವರ ಅಳತೆ!

ದಿನ ತುಂಬದ ಮಗುವಿಗೆ ಪಿಟಿ ಜಾಸ್ತಿ ಬರುವುದೇ ಸಹಜ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ವಿಟಮಿನ್ ಕೆ ಬೇಕಾದ 2, 7, 9, 10ನೇ ಅಂಶಗಳು ಇನ್ನೂ ಬೆಳೆಯುತ್ತಿರುತ್ತವೆ. ಆದರೆ ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕೂಡ ಕಡಿಮೆಯೇ. ತಕ್ಕಡಿಯ ಎರಡು ತಟ್ಟೆಯೂ ಹಗುರ. ಲ್ಯಾಬು ಒಂದೇ ತಟ್ಟೆ ನೋಡಿ ಕೆಂಪು ಹಾಕುತ್ತದೆ.

ಹಾಗಾದರೆ ರಕ್ತ ಸೋರುವುದು ಎಲ್ಲಿಂದ? ನಾಳದಿಂದ. ಮೆದುಳಿನ ಒಳಗೆ ಜರ್ಮಿನಲ್ ಮ್ಯಾಟ್ರಿಕ್ಸ್ ಅನ್ನುವ ಜಾಗ ಇದೆಯಲ್ಲ, ಅಲ್ಲಿನ ನಾಳಗಳ ಗೋಡೆ ಬಹಳ ತೆಳು, ರಕ್ತದ ಒತ್ತಡ ಏರಿಳಿದರೆ ತಾಳಿಕೊಳ್ಳುವ ಶಕ್ತಿ ಇಲ್ಲ. ಇಂಥ ರಕ್ತಸ್ರಾವದಲ್ಲಿ ಬಹುಪಾಲು ಹುಟ್ಟಿದ ಮೊದಲ 72 ಗಂಟೆಯಲ್ಲೇ ಆಗುತ್ತದೆ. ಪೈಪ್ ಒಡೆಯುತ್ತಿರುವಾಗ ನೀರನ್ನು ಗಟ್ಟಿ ಮಾಡಿ ಏನು ಪ್ರಯೋಜನ?

ಇದು ನನ್ನ ಊಹೆಯಲ್ಲ. 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 32 ವಾರ ತುಂಬದ 776 ಮಕ್ಕಳಿದ್ದರು. ಮುಂಜಾಗ್ರತೆಗೆ ಪ್ಲಾಸ್ಮಾ ಕೊಟ್ಟಿದ್ದರಿಂದ ಲಾಭ ಕಾಣಲಿಲ್ಲ. 2019ರಲ್ಲಿ ಪ್ಲೇಟ್‌ಲೆಟ್ ಯಾವಾಗ ಕೊಡಬೇಕು ಅನ್ನುವ ಅಧ್ಯಯನ ಪ್ಲಾನೆಟ್-2 ಬಂತು, 660 ಮಕ್ಕಳು. 50 ಸಾವಿರಕ್ಕಿಂತ ಕೆಳಗಿಳಿದ ಕೂಡಲೇ ಪ್ಲೇಟ್‌ಲೆಟ್ ಕೊಟ್ಟ ಗುಂಪಿನಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ ಶೇ. 26. 25 ಸಾವಿರದವರೆಗೆ ಕಾದ ಗುಂಪಿನಲ್ಲಿ ಶೇ. 19. ಕಾದವರ ಮಕ್ಕಳೇ ಚೆನ್ನಾಗಿದ್ದರು!

ಯಾಕೆ ಹೀಗೆ ಅನ್ನುವ ಚರ್ಚೆ ಮುಗಿದಿಲ್ಲ. ಒಂದು ಲೆಕ್ಕ ಮಾತ್ರ ಹಾಕಿ ನೋಡಿ. 800 ಗ್ರಾಂ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಹೆಚ್ಚುಕಡಿಮೆ 75 ಎಂಎಲ್. ಕಿಲೋಗೆ 15ರಂತೆ ಪ್ಲೇಟ್‌ಲೆಟ್ ಕೊಟ್ಟರೆ 12 ಎಂಎಲ್ ಒಳಗೆ ಹೋಯಿತು. ದೊಡ್ಡವರಿಗೆ ಒಂದೇ ಸಲ ಮುಕ್ಕಾಲು ಲೀಟರ್ ಸುರಿದ ಹಾಗೆ! ಆ ತೆಳು ನಾಳ ಏನು ಮಾಡಬೇಕು ಹೇಳಿ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ರಕ್ತ ಕೊಡುವುದು ಮಗುವಿಗೆ, ರಿಪೋರ್ಟಿಗಲ್ಲ. ಮಗುವಿಗೆ ರಕ್ತ ಸೋರುತ್ತಿದ್ದರೆ ಕೊಡಲೇಬೇಕು, ಅದು ಬೇರೆ ಮಾತು. ಹುಟ್ಟಿದ ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ನೂ ತಪ್ಪಬಾರದು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇನ್ನೂ ನಾಲ್ಕು ವಿಷಯ ಇತ್ತು, ಬೇಗ ಹೇಳಿಬಿಡುತ್ತೇನೆ. ಹೆರಿಗೆ ಮೊದಲೇ ಆಗುವ ಸೂಚನೆ ಇದ್ದರೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್. ಅದು ಶ್ವಾಸಕೋಶಕ್ಕೆ ಮಾತ್ರ ಅಂದುಕೊಳ್ಳಬೇಡಿ, ಮೆದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತದೆ. ಮಗುವಿಗೆ ತೊಂದರೆ ಇಲ್ಲದಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷ ಕಾಯಿರಿ. ದ್ರವ ಕೊಡುವಾಗ ನಿಧಾನ.

ನರ್ಸ್ ಅಕ್ಕಂದಿರಿಗೆ ಒಂದು ಮಾತು. ಮೊದಲ ಮೂರು ದಿನ ತಲೆ ನೇರ ಇರಲಿ. ಡೈಪರ್ ಬದಲಿಸುವಾಗ ಎರಡೂ ಕಾಲು ಹಿಡಿದು ಮೇಲಕ್ಕೆ ಎತ್ತಬೇಡಿ, ರಕ್ತ ತಲೆಗೆ ನುಗ್ಗುತ್ತದೆ. ಮೆಲ್ಲಗೆ ಸೊಂಟವನ್ನು ಪಕ್ಕಕ್ಕೆ ಹೊರಳಿಸಿ, ಅಡಿಯಿಂದ ಡೈಪರ್ ಜಾರಿಸಿ.