ಕಣ್ಣು ಮುಚ್ಚಿ ಕೇಳಬೇಕಾದ ಸಿನಿಮಾ

ಕೇಳುಗರಿಗೆ ನಮಸ್ಕಾರ.

ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಹಾಗಾಗಿ ಜಗತ್ತಿನ ಸಿನಿಮಾ ಮಲೆನಾಡಿಗೆ ಹೊಸದಲ್ಲ. ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಹುಡುಗರು ಮೊಬೈಲಿನಲ್ಲೇ ಕಿರುಚಿತ್ರ ಮಾಡುತ್ತಿದ್ದಾರೆ. ಕದ್ದ ಗಾಡಿ, ಬೆನ್ನು ಹತ್ತಿದ ಪೊಲೀಸು, ಯಾರ ಮಾತೂ ಕೇಳದ ಹುಡುಗ, ಇಂಥ ಕಥೆ ಹಿಡಿದವರು 1960ರ ಫ್ರೆಂಚ್ ಚಿತ್ರ ‘ಬ್ರೆತ್‌ಲೆಸ್’ ಅನ್ನು ಎರಡು ಸಲ ನೋಡಬೇಕು. ಎರಡನೇ ಸಲ ಕಣ್ಣು ಮುಚ್ಚಿಕೊಂಡು.

ಕಾರು ಕದ್ದ ಮಿಷೆಲ್ ಪೊಲೀಸನೊಬ್ಬನನ್ನು ಕೊಂದು ಪ್ಯಾರಿಸ್ಸಿಗೆ ಓಡುತ್ತಾನೆ. ಪ್ರೀತಿಸಿದ ಪೆಟ್ರೀಷಿಯಾಳೇ ಅವನ ಸುಳಿವು ಕೊಡುತ್ತಾಳೆ. ಕಥೆ ಇಷ್ಟೇ. ನಿರ್ದೇಶಕ ಗೊದಾರ್ ಮೊದಲು ಜೋಡಿಸಿದ ಚಿತ್ರ ತೀರಾ ಉದ್ದವಾಗಿತ್ತು. ಅವರು ಇಡೀ ದೃಶ್ಯಗಳನ್ನು ಕಿತ್ತುಹಾಕುವ ಬದಲು ಶಾಟಿನ ಒಳಗೇ ಕತ್ತರಿ ಆಡಿಸಿ ಸುಮಾರು 90 ನಿಮಿಷಕ್ಕೆ ಇಳಿಸಿದರು. ಒಂದೇ ಶಾಟಿನ ನಡುವಿನ ತುಣುಕನ್ನು ಹಾರಿಸುವ ಈ ಜಂಪ್ ಕಟ್ ಹೆಸರಾದದ್ದು ಹೀಗೆ.

ಕಾರಿನ ದೃಶ್ಯ ಗಮನಿಸಿ. ಪೆಟ್ರೀಷಿಯಾಳ ಕತ್ತಿನ ಹಿಂಭಾಗ ಇದ್ದಲ್ಲೇ ಇರುತ್ತದೆ, ಆಚೆಯ ಬೀದಿ ಮಾತ್ರ ಹಾರಿ ಹಾರಿ ಬದಲಾಗುತ್ತದೆ. ಮಿಷೆಲ್‌ನ ಮಾತು ಮಾತ್ರ ಎಲ್ಲೂ ಕಡಿಯುವುದಿಲ್ಲ. ಕ್ಯಾಮೆರಾ ಗದ್ದಲದ್ದು, ಆದ್ದರಿಂದ ಮಾತನ್ನೆಲ್ಲ ಆಮೇಲೆ ಡಬ್ ಮಾಡಿದ್ದರು. ಚೂರಾದ ಚಿತ್ರವನ್ನು ಒಂದಾಗಿ ಹಿಡಿದದ್ದು ಆ ದನಿಯೇ.

ನಮ್ಮವರು ಎಡವುವುದೂ ಇಲ್ಲೇ. ಹೆಂಚಿನ ಮೇಲೆ ಜಡಿಮಳೆ ಸುರಿಯುತ್ತಿರುವಾಗ ಚಿತ್ರದ ಜೊತೆಗೇ ಸದ್ದನ್ನೂ ಕತ್ತರಿಸಿದರೆ, ಪ್ರತಿ ಕಟ್ಟಿಗೂ ಮಳೆ ‘ಟಕ್’ ಎಂದು ಮುರಿಯುತ್ತದೆ. ಶಾಟ್ ಮುಗಿದ ಮೇಲೆ ಎಲ್ಲರೂ ಸುಮ್ಮನೆ ನಿಂತು, ಅದೇ ಜಾಗದಲ್ಲಿ ಎರಡು ನಿಮಿಷ ಬರೀ ಮಳೆಯನ್ನು ರೆಕಾರ್ಡ್ ಮಾಡಿಕೊಳ್ಳಿ. ಇಡೀ ದೃಶ್ಯದ ಅಡಿಗೆ ಅದನ್ನೇ ಹಾಸಿ. ಮಾತನ್ನು ಒಳಕೋಣೆಯಲ್ಲಿ ಕಂಬಳಿ ಇಳಿಬಿಟ್ಟು ದಾಖಲಿಸಿ. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕಿರಲಿ. ನೇರ ಹಿಡಿದರೆ ‘ಪ’, ‘ಭ’ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ. ಪಾತ್ರದ ಬೆನ್ನು ತೋರಿಸಿದರೆ ತುಟಿ ಹೊಂದಿಸುವ ಕಷ್ಟವೂ ಇಲ್ಲ.

ಕತ್ತರಿಸುವಾಗ ಧೈರ್ಯ ಬೇಕು. ನಾಲ್ಕೈದು ಫ್ರೇಮ್ ತೆಗೆದರೆ ಫೋನು ಹ್ಯಾಂಗ್ ಆದಂತೆ ಕಾಣುತ್ತದೆ. ಒಂದೆರಡು ಸೆಕೆಂಡನ್ನಾದರೂ ಹಾರಿಸಿ. ಶಾಟಿನ ಕೋನ ಬದಲಿಸಬೇಡಿ. ಮೋಡ ಕವಿದು ಬಿಡುವ ನಮ್ಮ ಬೆಳಕಿನಲ್ಲಿ ಫೋನಿನ ಎಕ್ಸ್‌ಪೋಷರ್, ಅಂದರೆ ಬೆಳಕಿನ ಮಟ್ಟ, ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡದಿದ್ದರೆ, ಪ್ರತಿ ಜಿಗಿತಕ್ಕೂ ಮುಖದ ಬಣ್ಣವೇ ಬದಲಾಗುತ್ತದೆ.

ಕ್ಯಾಮೆರಾ ಸಾಗಿಸುವ ಟ್ರಾಲಿ ಇಲ್ಲವೆಂದು ಕೈಚೆಲ್ಲಬೇಡಿ. ಛಾಯಾಗ್ರಾಹಕ ರವೂಲ್ ಕುತಾರ್ ಗಾಲಿಕುರ್ಚಿಯಲ್ಲಿ ಕೂತರು, ಗೊದಾರ್ ತಳ್ಳಿದರು. ಜಲ್ಲಿ ಎದ್ದ ರಸ್ತೆಯಲ್ಲಾದರೆ ಗಾಳಿ ತುಂಬುವ ಟೈರಿನ ಕುರ್ಚಿಯನ್ನೇ ಹುಡುಕಿ, ಗಾಳಿ ಸ್ವಲ್ಪ ಇಳಿಸಿ ತಳ್ಳಿ.