ಸಿಸಿ ರಸ್ತೆಯ ದಪ್ಪ ಕೇಳುತ್ತೀರಿ, ಸಂದಿನ ಬಗ್ಗೆ ಏಕೆ ಕೇಳುವುದಿಲ್ಲ?

ನಮಸ್ಕಾರ. ಕೋಲಾರ ಜಿಲ್ಲೆಯ ಯಾವ ಹಳ್ಳಿಯಲ್ಲೇ ಆಗಲಿ, ಸಿಸಿ ರಸ್ತೆ ಹಾಕುವಾಗ ಜನ ಗುತ್ತಿಗೆದಾರನನ್ನು ಕೇಳುವುದು ಒಂದೇ ಮಾತು: ಎಷ್ಟು ಇಂಚು ದಪ್ಪ ಹಾಕುತ್ತೀರಿ? ಕೇಳಲೇಬೇಕು. ಆದರೆ ದಪ್ಪ ಸರಿಯಾಗಿದ್ದ ರಸ್ತೆಯೂ ಬೇಗನೆ ಹಾಳಾಗುತ್ತದೆ, ಸಂದು ಕೆಟ್ಟಿದ್ದರೆ. ಸಂದು ಎಂದರೆ ಜಾಯಿಂಟ್.

ಕಾಂಕ್ರೀಟ್ ಗಟ್ಟಿಯಾಗುತ್ತಾ ಕುಗ್ಗುತ್ತದೆ. ಕೆಳಗಿನ ನೆಲ ಅದನ್ನು ಹಿಡಿದೆಳೆಯುತ್ತದೆ. ಹಾಗಾಗಿ ಬಿರುಕು ಬಂದೇ ಬರುತ್ತದೆ. ಎಲ್ಲಿ ಬರಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಅದಕ್ಕೇ ಹೆದ್ದಾರಿಯಲ್ಲಿ ಸಾಮಾನ್ಯವಾಗಿ 4.5 ಮೀಟರಿಗೊಮ್ಮೆ ರಸ್ತೆಗೆ ಅಡ್ಡಲಾಗಿ, ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಯಂತ್ರದಲ್ಲಿ ಕೊಯ್ಯುತ್ತಾರೆ. ಈ ಗೆರೆಯೇ ಸಂದು. ಬಿರುಕು ಅದರ ಕೆಳಗೇ ಇಳಿಯುತ್ತದೆ. ಹಳ್ಳಿಯ ತೆಳು ರಸ್ತೆಗೆ ಅಂತರ ಇನ್ನೂ ಕಡಿಮೆ ಇರಬೇಕು. ಅವಸರದಲ್ಲಿ ಕೊಯ್ದರೆ ಅಂಚಿನ ಜಲ್ಲಿ ಕಿತ್ತು ಬರುತ್ತದೆ, ತಡ ಮಾಡಿದರೆ ಬಿರುಕು ಆಗಲೇ ತನ್ನ ದಾರಿ ಹಿಡಿದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಸುರಿದದ್ದನ್ನು ಸಾಮಾನ್ಯವಾಗಿ ಅದೇ ದಿನ ಕೊಯ್ಯಬೇಕಾಗುತ್ತದೆ. "ಮೆಷಿನ್ ನಾಡಿದ್ದು ಬರುತ್ತದೆ" ಎಂದರೆ ದಯವಿಟ್ಟು ಒಪ್ಪಬೇಡಿ.

ಕೊಯ್ದಾಯಿತು, ಕೆಲಸ ಮುಗಿಯಿತೇ? ಇಲ್ಲ. ನನಗೆ ಕೋಪ ಬರುವುದೇ ಇಲ್ಲಿ. ಬಿಸಿ 20 ಡಿಗ್ರಿ ಏರಿಳಿದರೆ ಎರಡು ಸಂದುಗಳ ನಡುವಿನ 4.5 ಮೀಟರ್ ಚಪ್ಪಡಿಯ ಉದ್ದ ಸುಮಾರು 0.9 ಮಿಲಿಮೀಟರ್ ಬದಲಾಗುತ್ತದೆ. ಸಂದಿನ ಅಗಲ 3 ಮಿಲಿಮೀಟರ್ ಇದ್ದರೆ, ಅದರಲ್ಲಿ ತುಂಬಿದ ಸೀಲಂಟ್ (ನೀರು, ಜಲ್ಲಿ ಒಳಗಿಳಿಯದಂತೆ ಸಂದಿಗೆ ತುಂಬುವ, ಹಿಗ್ಗಿ ಕುಗ್ಗುವ ಅಂಟು) ಶೇ. 30ರಷ್ಟು ಹಿಗ್ಗಬೇಕು, 10 ಇದ್ದರೆ ಶೇ. 9 ಸಾಕು. ಮೇಲ್ಭಾಗವನ್ನು ಮತ್ತೆ ಕೊಯ್ದು ಅಗಲ ಮಾಡುವುದು ಇದಕ್ಕಾಗಿ. ಆಮೇಲೆ ತಳಕ್ಕೆ ಫೋಮಿನ ಹುರಿ ಕೂರಿಸುತ್ತಾರೆ. ಏಕೆಂದರೆ ಸೀಲಂಟ್ ಎರಡು ಪಕ್ಕಗಳಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ಹಿಗ್ಗಲಾರದೆ ಸೀಳಿಹೋಗುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಇದಾವುದೂ ಇಲ್ಲದೆ ಧೂಳಿನ ಮೇಲೆಯೇ ಟಾರು ಸುರಿಯುತ್ತಾರೆ. ಸಿಮೆಂಟ್ ಹಾಲು ಸುರಿಯುವವರೂ ಇದ್ದಾರೆ, ಅದಂತೂ ಗಟ್ಟಿಯಾಗಿ ಸಂದೇ ಇಲ್ಲದಂತೆ ಮಾಡುತ್ತದೆ.

ಪರಿಣಾಮ ನೋಡಬೇಕೆಂದರೆ, ಮಳೆ ನಿಂತ ಮೇಲೆ ಟೊಮೆಟೊ ಲಾರಿಗಳು ಓಡಾಡುವ ಸಿಸಿ ರಸ್ತೆಯ ಪಕ್ಕ ನಿಲ್ಲಿ. ಚಕ್ರ ಸಂದನ್ನು ದಾಟುತ್ತಿದ್ದಂತೆ ಕೆಮ್ಮಣ್ಣಿನ ನೀರು ಪಿಚಕ್ಕೆಂದು ಚಿಮ್ಮುತ್ತದೆ. ಚಿಮ್ಮಿದ್ದು ರಸ್ತೆಯ ಬುನಾದಿ. ಮಣ್ಣು ಹೋದಷ್ಟೂ ಕೆಳಗೆ ಪೊಳ್ಳಾಗಿ ಚಪ್ಪಡಿಯ ಮೂಲೆ ಮುರಿಯುತ್ತದೆ. ಬಾಯಿ ತೆರೆದ ಸಂದಿನೊಳಗೆ ಜಲ್ಲಿ ಸೇರಿಕೊಂಡು, ಬೇಸಿಗೆಯಲ್ಲಿ ಕಾಂಕ್ರೀಟ್ ಹಿಗ್ಗಲು ಜಾಗವಿಲ್ಲದೆ ಅಂಚು ಸಿಡಿಯುತ್ತದೆ.

ಸಂದಿಗೆ ಸೀಲಂಟ್ ತುಂಬುವುದಕ್ಕೆಂದೇ ರಸ್ತೆ ಎಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರತ್ಯೇಕ ಸಂಹಿತೆ ಇದೆ, ಐಆರ್‌ಸಿ 57. ಹಾಗಿರುವಾಗ ಪಂಚಾಯಿತಿಯ ಅಂದಾಜು ಪಟ್ಟಿಯಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಸಾಲು, ಪ್ರತ್ಯೇಕ ಹಣ ಇರಲಿ. ಕೊನೆಯ ಬಿಲ್‌ಗೆ ಸಹಿ ಹಾಕುವ ಮುನ್ನ ಎಂಜಿನಿಯರ್ ಸ್ಥಳಕ್ಕೆ ಬಂದು, ಚಾಕುವಿನ ತುದಿಯಿಂದ ಸೀಲಂಟಿನ ಅಂಚನ್ನು ಮೀಟಿ ನೋಡಲಿ. ಸುಲಭವಾಗಿ ಬಿಟ್ಟುಬಂದರೆ ಅದನ್ನು ಪೂರ್ತಿ ಕಿತ್ತು, ಒಣಗಿಸಿ, ಗಾಳಿ ಹೊಡೆದು ಧೂಳು ತೆಗೆದು ಮತ್ತೆ ತುಂಬಿಸಲಿ. ಹಣ ಬಿಡುಗಡೆ ಆಮೇಲೆ.