ನೀರನ್ನು ನಿಲ್ಲಿಸಿಕೊಂಡ ಜಿಂಬಾಬ್ವೆಯ ರೈತ

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಜಿಂಬಾಬ್ವೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕ್ರಿಕೆಟ್. ಇಲ್ಲವೇ 2009ರಲ್ಲಿ ಚಲಾವಣೆಗೆ ಬಂದ, ಕೊಳ್ಳುವ ಶಕ್ತಿಯೇ ಉಳಿದಿರದ, ನೂರು ಲಕ್ಷ ಕೋಟಿ ಡಾಲರಿನ ನೋಟು. ಆ ನಾಡಿನಲ್ಲಿ ಹಣ, ಅಧಿಕಾರಗಳ ಬೆಂಬಲವಿಲ್ಲದೆ ಗೆದ್ದ ಒಬ್ಬ ರೈತನ ಕೆಲಸವನ್ನು ಇಂದು ಕೊಂಚ ವಿವರವಾಗಿಯೇ ಹೇಳಬೇಕೆಂದಿದ್ದೇನೆ. ಇಂಥವರಿಗೆ ಬರಿಯ ಹೊಗಳಿಕೆಗಿಂತ ವಿವರವೇ ಹೆಚ್ಚು ಸಲ್ಲುತ್ತದೆ.

ಜೆಫನಾಯ ಫಿರಿ ಮಸೆಕೊ ಹುಟ್ಟಿದ್ದು 1927ರಲ್ಲಿ, ಬಿಳಿಯರ ಆಳ್ವಿಕೆಯ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ. ರೈಲ್ವೆಯಲ್ಲಿ ಕೆಲಸಕ್ಕಿದ್ದ ಅವರನ್ನು ರಾಜಕೀಯ ಚಟುವಟಿಕೆಯ ಕಾರಣಕ್ಕೆ 1964ರಲ್ಲಿ ವಜಾ ಮಾಡಲಾಯಿತು. ಬೇರೆ ನೌಕರಿಯ ದಾರಿಯೂ ಮುಚ್ಚಿಹೋಯಿತು. ಉಳಿದದ್ದು ಜ್ವಿಶಾವಾನೆಯ ಬಳಿಯ ಸುಮಾರು 3 ಹೆಕ್ಟೇರ್ ಇಳಿಜಾರು ಭೂಮಿ ಮತ್ತು ಹೊಟ್ಟೆ ಹೊರೆಯಬೇಕಾದ ದೊಡ್ಡ ಸಂಸಾರ. ಅಲ್ಲಿ ಮಳೆ ಕಡಿಮೆ. ಬಿದ್ದರೂ ಕೆಲವೇ ಬಿರುಸಾದ ಸುರಿತಗಳಲ್ಲಿ ಬಿದ್ದು, ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳ ಸೇರುತ್ತಿತ್ತು.

ಜಮೀನಿನ ನೆತ್ತಿಯಲ್ಲಿ ದೊಡ್ಡ ಗ್ರಾನೈಟ್ ಹಾಸುಬಂಡೆ ಇತ್ತು. ನೀರು ರಭಸ ಪಡೆಯುತ್ತಿದ್ದದ್ದೇ ಅಲ್ಲಿ. ಫಿರಿ ಕೆಲಸ ಶುರುಮಾಡಿದ್ದೂ ಅಲ್ಲಿಂದಲೇ. ಬಂಡೆಯ ಇಳಿಜಾರಿಗೆ ಅಡ್ಡಲಾಗಿ ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಗಿಡ್ಡ ಗೋಡೆಗಳನ್ನು ಕಟ್ಟಿದರು. ನೀರು ಕಲ್ಲುಗಳ ಸಂದಿನಲ್ಲಿ ನುಸುಳಿ ನಿಧಾನವಾಗುತ್ತಿತ್ತು, ಹೂಳು ಹಿಂದೆಯೇ ಉಳಿಯುತ್ತಿತ್ತು. ಅದರ ಕೆಳಗೊಂದು ಹೊಂಡ. ಇದು ತಮ್ಮ ವಲಸೆ ಕಚೇರಿ, ಬಂದ ನೀರನ್ನು ಇಲ್ಲಿ ಬರಮಾಡಿಕೊಂಡು ಎಲ್ಲಿ ನೆಲೆಸಬೇಕೆಂದು ತಿಳಿಸಿ ಕಳಿಸುತ್ತೇವೆ ಎಂದು ಅವರು ಬಂದವರಿಗೆ ವಿವರಿಸುತ್ತಿದ್ದರಂತೆ.

ಮುಂದಿನದು ಇನ್ನೂ ಸ್ವಾರಸ್ಯಕರ. ಮಣ್ಣಿನ ಸವಕಳಿ ತಡೆಯುವ ಹೆಸರಿನಲ್ಲಿ ವಸಾಹತು ಸರ್ಕಾರ ಕರಿಯರ ಹೊಲಗಳಲ್ಲೆಲ್ಲ ಒತ್ತಾಯದಿಂದ ಬದು ಹಾಕಿಸಿ, ಕಾಲುವೆ ತೋಡಿಸಿತ್ತು. ನೀರನ್ನು ಹೊಲದಾಚೆ ಸಾಗಿಸಿಬಿಡುವುದೇ ಆ ಕಾಲುವೆಗಳ ಉದ್ದೇಶ. ಒಣಸೀಮೆಯ ರೈತನಿಗೆ ಅದರಿಂದ ನಷ್ಟವೇ ಹೊರತು ಲಾಭವಿಲ್ಲ. ಫಿರಿ ಅವುಗಳನ್ನು ಕೆಡವಲಿಲ್ಲ. ಕಾಲುವೆಯ ಉದ್ದಕ್ಕೂ ಆಳವಾದ ಇಂಗುಗುಂಡಿಗಳನ್ನು ತೋಡಿದರು. ಹರಿದುಹೋಗಲೆಂದು ಬಿಟ್ಟ ನೀರು ಗುಂಡಿಯಿಂದ ಗುಂಡಿಗೆ ತುಂಬಿ ಒಳಗೇ ಇಂಗತೊಡಗಿತು. ಕ್ರಮೇಣ ತಗ್ಗಿನಲ್ಲಿ ತೇವ ನಿಂತು, ಬಾಳೆ ಬೆಳೆಯಿತು, ಮೀನಿನ ಕೊಳಗಳಾದವು. ಜೌಗಿನಲ್ಲಿ ಬೇಸಾಯ ಮಾಡಬಾರದೆಂಬ ಕಾನೂನು ಆಗ ಇದ್ದುದರಿಂದ, ತಾವೇ ತೇವ ತಂದ ನೆಲವನ್ನು ಉತ್ತದ್ದಕ್ಕೆ ಅವರು ದಂಡ ತೆರಬೇಕಾಯಿತು!

ಫಿರಿ ತಮ್ಮ ವಿದ್ಯೆಯನ್ನು ಮುಚ್ಚಿಡಲಿಲ್ಲ. ಕೇಳಿಬಂದವರನ್ನೆಲ್ಲ ಹೊಲ ಸುತ್ತಿಸಿದರು, ಜ್ವಿಶಾವಾನೆಯಲ್ಲಿ ನೀರಿನ ಕೆಲಸಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಸುತ್ತಲಿನ ರೈತರು ತೋಡಿಕೊಂಡ ಅಂಥ ಗುಂಡಿಗಳಿಗೆ ಫಿರಿಯವರ ಹೆಸರೇ ನಿಂತಿತು.

ಇದೇ ಬಗೆಯ ಗೆಲುವು ರಾಜಧಾನಿ ಹರಾರೆಯ ಅಜ್ಜಿಯರದೂ ಹೌದು. 2005ರಲ್ಲಿ ಸರ್ಕಾರ ನಗರಗಳ ಬಡಾವಣೆಗಳ ಮೇಲೆ ಬುಲ್ಡೋಜರ್ ಹರಿಸಿದಾಗ, ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು 7 ಲಕ್ಷ ಜನ ಮನೆಯನ್ನೋ ಜೀವನೋಪಾಯವನ್ನೋ ಕಳೆದುಕೊಂಡರು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಆ ದೇಶದಲ್ಲಿ, ಮರುವರ್ಷ ಡಾ. ಡಿಕ್ಸನ್ ಚಿಬಾಂಡ ಅವರು ಎಂಬಾರೆ ಬಡಾವಣೆಯ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಅಜ್ಜಿಯರು ಚಿಕಿತ್ಸಾಲಯದ ಹೊರಗಿನ ಮರದ ಬೆಂಚಿನ ಮೇಲೆ ಕುಳಿತು, ಬಂದವರ ಕಷ್ಟ ಕೇಳಿ, ಅದರಲ್ಲಿ ಒಂದನ್ನು ಆರಿಸಿಕೊಂಡು ಮೊದಲು ಏನು ಮಾಡಬಹುದೆಂದು ಅವರೊಡನೆಯೇ ಯೋಚಿಸುತ್ತಾರೆ. ಈ ಕ್ರಮದಿಂದ ಖಿನ್ನತೆ ಗಣನೀಯವಾಗಿ ತಗ್ಗುತ್ತದೆಂಬುದು 2016ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದಲ್ಲಿ ಸಿದ್ಧಪಟ್ಟಿತು.

ಇಂಥವರನ್ನು ಕೊಂಡಾಡುವಾಗ ಅವರ ಕಷ್ಟ ದೈವ ತಂದದ್ದೆಂಬಂತೆ ಮಾತನಾಡುವುದು ನನಗೆ ಒಪ್ಪಿಗೆಯಿಲ್ಲ. ಫಿರಿಯವರ ನೌಕರಿ ಕಿತ್ತುಕೊಂಡದ್ದು ಬರಗಾಲವಲ್ಲ. ಎಂಬಾರೆಯ ಮನೆಗಳನ್ನು ಕೆಡವಿದ್ದು ಬಿರುಗಾಳಿಯಲ್ಲ. ಮೊದಲನೆಯದನ್ನು ಬಿಳಿಯರ ಸರ್ಕಾರ ಮಾಡಿತು, ಎರಡನೆಯದನ್ನು ಸ್ವತಂತ್ರ ದೇಶದ ಸರ್ಕಾರ. ಫಿರಿಯವರಿಗೆ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಪ್ರಶಸ್ತಿ ಬಂದದ್ದು 2006ರಲ್ಲಿ, ಅವರಿಗೆ ಎಂಬತ್ತರ ಹತ್ತಿರವಾದಾಗ. ಅಷ್ಟರಲ್ಲಿ ಅವರ ಗುಂಡಿಗಳು ಯಾರ ಪ್ರಶಸ್ತಿಗೂ ಕಾಯದೆ ಊರಿಂದೂರಿಗೆ ಹಬ್ಬಿಯಾಗಿತ್ತು.